ಕುಮಾರಿ ರಕ್ಷಿತೆಯ ಓಟವೂ ನಮ್ಮ ಆಸೆಯೂ

ಪರೀಕ್ಷೆಯು ಮುಗಿಯುವುದಕ್ಕೆ ಮೊದಲೇ ಫಲಿತಾಂಶವನ್ನು ಕೇಳುವುದು ನಮ್ಮ ಜನರ ಸ್ವಭಾವವಾಗಿದೆ. ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯಲ್ಲಿ ಬಿಸಿಲಿನ ಝಳವು ಇಳಿದ ಮೇಲೆ ಮನೆಯ ಮುಂದಿನ ಕಟ್ಟೆಯಲ್ಲಿ ಕುಳಿತು ಮಾತನಾಡುವವರಲ್ಲಿಯೂ ಈ ಸ್ವಭಾವವು ಕಾಣದೆ ಇರುವುದಿಲ್ಲ. ಹುಡುಗನು ಪರೀಕ್ಷೆಗೆ ಕುಳಿತನೆಂದರೆ ಎಷ್ಟು ಅಂಕಗಳು ಬರುವುವೆಂದೂ, ಹತ್ತಿಯನ್ನು ಬಿತ್ತಿದರೆಂದರೆ ಧಾರಣೆಯು ಎಷ್ಟಕ್ಕೆ ನಿಲ್ಲುವುದೆಂದೂ, ಆಟಗಾರರು ಪರದೇಶಕ್ಕೆ ಹೊರಟರೆಂದರೆ ಪದಕವು ಬರುವುದೇ ಎಂದೂ ಕೇಳುತ್ತೇವೆ. ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಮೂರನೆಯದನ್ನು ಮಾತ್ರ ಕೇಳುವವರೇ ಹೆಚ್ಚು, ಯೋಚಿಸಿ ಹೇಳುವವರು ಕಡಿಮೆ.

ಆದುದರಿಂದ ಆ ಮೂರನೆಯ ಪ್ರಶ್ನೆಯನ್ನೇ ಈ ತಿಂಗಳ ಬರೆಹಕ್ಕೆ ವಿಷಯವಾಗಿ ತೆಗೆದುಕೊಂಡಿದ್ದೇವೆ. 2026ರ ಅಕ್ಟೋಬರ್ ತಿಂಗಳ 18ರಿಂದ 24ರ ವರೆಗೆ ಜಪಾನ್ ದೇಶದ ಐಚಿ ಪ್ರಾಂತದಲ್ಲಿ, ನಗೋಯಾ ಪಟ್ಟಣವನ್ನು ಕೇಂದ್ರವಾಗಿರಿಸಿಕೊಂಡು, ಐದನೆಯ ಏಷ್ಯನ್ ಪ್ಯಾರಾ ಕ್ರೀಡಾಕೂಟವು ನಡೆಯಬೇಕೆಂದು ಗೊತ್ತಾಗಿದೆ. ಇದು ಅಂಗವೈಕಲ್ಯವುಳ್ಳ ಆಟಗಾರರಿಗಾಗಿ ನಾಲ್ಕು ವರ್ಷಗಳಿಗೊಮ್ಮೆ ಏರ್ಪಡುವ ಕೂಟವು. ಇದರಲ್ಲಿ ದೃಷ್ಟಿಯಿಲ್ಲದ ಮಹಿಳೆಯರ 1500 ಮೀಟರ್ ಓಟದ ಮಾತು ಬಂದಾಗ ಕನ್ನಡಿಗರ ಮನಸ್ಸು ಮೊದಲು ಹೊರಳುವುದು ಚಿಕ್ಕಮಗಳೂರು ಜಿಲ್ಲೆಯ ಕುಮಾರಿ ರಕ್ಷಿತಾ ರಾಜುವಿನ ಕಡೆಗೆ. ಹಿಂದಿನ ಎರಡು ಕೂಟಗಳಲ್ಲಿಯೂ ಈ ಓಟದ ಬಂಗಾರದ ಪದಕವು ಈಕೆಯ ಕೊರಳನ್ನೇ ಸೇರಿತು. ಹೀಗಿರಲಾಗಿ ಮೂರನೆಯದೂ ಬರಲೆಂದು ಆಸೆಪಡುವುದು ಸಹಜವೇ ಸರಿ. ಆದರೆ ಆಸೆಯು ಬೇರೆ, ಲೆಕ್ಕವು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ ಬಳಿಕ ಒಂದುಗೂಡಿಸುವುದು ವಿವೇಕವು.

ಮೊದಲು ಈಕೆಯ ಪರಿಚಯವನ್ನು ಮಾಡಿಕೊಡುವೆವು. ರಕ್ಷಿತೆಯು ಹುಟ್ಟಿನಿಂದಲೇ ದೃಷ್ಟಿಯಿಲ್ಲದವಳು. ಬಾಲ್ಯದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದಳು. ಆ ಅಜ್ಜಿಗೆ ಕಿವಿ ಕೇಳಿಸದು, ಮಾತೂ ಬಾರದು. ನೋಡಲಾರದ ಮೊಮ್ಮಗಳಿಗೂ, ಕೇಳಲಾರದ ಮತ್ತು ನುಡಿಯಲಾರದ ಅಜ್ಜಿಗೂ ನಡುವೆ ಕೈಯ ಸ್ಪರ್ಶವೇ ಭಾಷೆಯಾಗಿದ್ದಿರಬೇಕಲ್ಲವೆ? ಬಳಿಕ ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯು ಈಕೆಗೆ ವಿದ್ಯೆಯನ್ನು ಕೊಟ್ಟಿತು. ಓಟದ ರುಚಿಯೂ ವಿದ್ಯಾರ್ಥಿದೆಸೆಯಲ್ಲಿಯೇ ಹತ್ತಿತು. 2018ರಲ್ಲಿ ಇಂಡೊನೇಷ್ಯದ ಜಕಾರ್ತದಲ್ಲಿ ನಡೆದ ಕೂಟದಲ್ಲಿ 1500 ಮೀಟರ್ ಓಟದ ಬಂಗಾರವನ್ನು ಗೆದ್ದಳು. 2023ರ ಅಕ್ಟೋಬರ್‌ನಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಮತ್ತೊಮ್ಮೆ ಗೆದ್ದಳು. 2024ರಲ್ಲಿ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸ್‌ಗೆ ಹೋಗಿ, ಆ ಕೂಟದ 1500 ಮೀಟರ್ ಓಟದಲ್ಲಿ ಓಡಿದ ಭಾರತದ ಮೊದಲ ದೃಷ್ಟಿಹೀನ ಮಹಿಳೆಯೆಂದು ಹೆಸರಾದಳು. ಅಲ್ಲಿ ಅಂತಿಮ ಓಟಕ್ಕೆ ಅರ್ಹತೆಯು ದೊರೆಯಲಿಲ್ಲ.

ಪದಕದ ಲೆಕ್ಕಕ್ಕೆ ಕೈ ಹಾಕುವುದಕ್ಕೆ ಮುಂಚೆ ಈ ಓಟದ ಸ್ವರೂಪವನ್ನು ತಿಳಿಯುವುದು ಅವಶ್ಯವು. ಓಟದ ಪಥದ ಒಂದು ಸುತ್ತು 400 ಮೀಟರ್. 1500 ಮೀಟರ್ ಎಂದರೆ ಮೂರೂ ಮುಕ್ಕಾಲು ಸುತ್ತು. ಇದನ್ನು ಮಧ್ಯಮ ದೂರದ ಓಟವೆನ್ನುತ್ತಾರೆ. ನೂರು ಮೀಟರ್ ಓಟದಲ್ಲಿ ಇದ್ದ ಬಲವನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಡಬಹುದು. ಹತ್ತಾರು ಮೈಲಿಗಳ ಓಟದಲ್ಲಿ ಉಸಿರನ್ನು ಸಮವಾಗಿಟ್ಟುಕೊಂಡು ನಿಧಾನವಾಗಿ ಸಾಗಬಹುದು. ಮಧ್ಯಮ ದೂರದಲ್ಲಿ ಈ ಎರಡು ಸೌಕರ್ಯಗಳೂ ಇಲ್ಲ. ಸೌದೆಯ ಒಲೆಯಲ್ಲಿ ಅಡಿಗೆ ಮಾಡಿದ ಗೃಹಿಣಿಯರಿಗೆ ಇದು ಬೇಗ ತಿಳಿಯುವುದು. ಇದ್ದ ಸೌದೆಯನ್ನೆಲ್ಲ ಮೊದಲೇ ಉರಿಸಿದರೆ ಅನ್ನವು ಬೇಯುವ ಮೊದಲೇ ಒಲೆಯು ಆರುವುದು. ಉರಿಯನ್ನು ತೀರ ಸಣ್ಣದಾಗಿ ಇಟ್ಟರೆ ಉಣ್ಣುವ ಹೊತ್ತಿಗೆ ಅಡಿಗೆಯಾಗದು. ದೇಹವು ಉಸಿರಿನಿಂದ ಪಡೆಯುವ ಆಮ್ಲಜನಕವು ಸಾಲದಾದಾಗ ಸ್ನಾಯುಗಳು ಅದಿಲ್ಲದೆಯೇ ಶಕ್ತಿಯನ್ನು ಹುಟ್ಟಿಸಿಕೊಳ್ಳುತ್ತವೆ. ಆದರೆ ಆ ಸಾಲವು ಬಹು ಬೇಗ ಕಾಲುಗಳಲ್ಲಿ ಭಾರವಾಗಿಯೂ ಉರಿಯಾಗಿಯೂ ತೋರುತ್ತದೆ. ಮೂರನೆಯ ಸುತ್ತಿನಲ್ಲಿ ಒಳ್ಳೆಯ ಓಟಗಾರರೂ ಕುಗ್ಗುವುದಕ್ಕೆ ಇದೇ ಕಾರಣವು. ಎಷ್ಟು ಸಾಲವನ್ನು, ಯಾವಾಗ ಮಾಡಬೇಕೆಂಬ ತಿಳಿವಳಿಕೆಯೇ ಈ ಓಟದ ಅರ್ಧ ವಿದ್ಯೆ.

ಕಣ್ಣುಳ್ಳವರಿಗೆ ಈ ತಿಳಿವಳಿಕೆಯಲ್ಲಿ ಸಹಾಯವಾಗುವ ಸಂಗತಿಗಳು ಹಲವು. ಎದುರಿನವಳು ಎಷ್ಟು ದೂರದಲ್ಲಿರುವಳು, ಪಕ್ಕದವಳು ಬಳಲಿರುವಳೇ, ಗಡಿಯಾರವು ಏನು ಹೇಳುತ್ತಿದೆ, ತಿರುವು ಎಲ್ಲಿ ಆರಂಭವಾಗುತ್ತದೆ ಎಂಬುದೆಲ್ಲವೂ ಅವರಿಗೆ ಒಂದು ನೋಟದಲ್ಲಿ ತಿಳಿಯುತ್ತದೆ. ರಕ್ಷಿತೆಗೆ ಇವೆಲ್ಲವನ್ನೂ ಇನ್ನೊಬ್ಬರು ಹೇಳಬೇಕು. ಆಕೆ ಓಡುವ ವರ್ಗಕ್ಕೆ ಟಿ-11 ಎಂದು ಹೆಸರು. ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ದೃಷ್ಟಿಯಿಲ್ಲದವರು ಮಾತ್ರ ಈ ವರ್ಗಕ್ಕೆ ಸೇರುತ್ತಾರೆ. ಒಬ್ಬಳಿಗೆ ಬೆಳಕಿನ ಸುಳಿವು ಇದ್ದು ಮತ್ತೊಬ್ಬಳಿಗೆ ಅದೂ ಇಲ್ಲದಿದ್ದರೆ ಪಕ್ಷಪಾತವಾಗುವುದೆಂದು ಎಲ್ಲರೂ ಕಣ್ಣಿಗೆ ಬೆಳಕು ನುಸುಳದಂತಹ ಪಟ್ಟಿಯನ್ನು ಕಟ್ಟಿಕೊಂಡೇ ಓಡತಕ್ಕದ್ದು. ಪ್ರತಿಯೊಬ್ಬಳ ಜೊತೆಯಲ್ಲಿಯೂ ದೃಷ್ಟಿಯುಳ್ಳ ಒಬ್ಬ ಮಾರ್ಗದರ್ಶಕನು ಓಡುತ್ತಾನೆ. ಒಂದು ಗೇಣಿಗಿಂತ ಅಷ್ಟೇನೂ ಹೆಚ್ಚಿಲ್ಲದ ಕಿರುಹಗ್ಗದ ಒಂದು ತುದಿಯು ಅವನ ಕೈಯಲ್ಲಿ, ಇನ್ನೊಂದು ತುದಿಯು ಓಟಗಾರ್ತಿಯ ಕೈಯಲ್ಲಿ.

ಈ ಕಿರುಹಗ್ಗಕ್ಕೆ ಸಂಬಂಧಿಸಿದ ನಿಯಮಗಳು ಬಹಳ ಕಟ್ಟುನಿಟ್ಟಾದುವು. ಮಾರ್ಗದರ್ಶಕನು ಹಗ್ಗವನ್ನು ಹಿಡಿದು ಓಟಗಾರ್ತಿಯನ್ನು ಮುಂದಕ್ಕೆ ಎಳೆಯಕೂಡದು. ಹಿಂದಿನಿಂದ ತಳ್ಳಲೂ ಕೂಡದು. ಮುಕ್ತಾಯದ ಗೆರೆಯನ್ನು ಓಟಗಾರ್ತಿಯೇ ಅವನಿಗಿಂತ ಮೊದಲು ದಾಟತಕ್ಕದ್ದು. ಕೊನೆಯ ತನಕ ಹಗ್ಗವನ್ನು ಬಿಡಲಾಗದು. ಈ ಕಟ್ಟುನಿಟ್ಟಿನ ಉಗ್ರತೆಯು 2024ರ ಪ್ಯಾರಿಸ್ಸಿನಲ್ಲಿ ಲೋಕಕ್ಕೆಲ್ಲ ತಿಳಿಯಿತು. ಸ್ಪೇನ್ ದೇಶದ ಎಲೆನಾ ಕೊಂಗೊಸ್ಟ್ ಎಂಬಾಕೆ ಮ್ಯಾರಥಾನ್ ಓಟದಲ್ಲಿ ಮೂರನೆಯವಳಾಗಿ ಮುಕ್ತಾಯಕ್ಕೆ ಬಂದಿದ್ದಳು. ಇನ್ನು ಕೆಲವೇ ಮೀಟರುಗಳಿರುವಾಗ ಆಕೆಯ ಮಾರ್ಗದರ್ಶಕನು ಸ್ನಾಯುಸೆಳೆತದಿಂದ ಕುಸಿಯತೊಡಗಿದನು. ಅವನನ್ನು ಹಿಡಿದುಕೊಳ್ಳುವುದಕ್ಕಾಗಿ ಆಕೆ ಕ್ಷಣಮಾತ್ರ ಹಗ್ಗವನ್ನು ಬಿಟ್ಟಳು. ಹಿಂದಿನವಳು ಬಹು ದೂರದಲ್ಲಿದ್ದಳು; ಆದರೂ ಅಂದು ಕಂಚಿನ ಪದಕವು ಕೈತಪ್ಪಿತು. ನಿಯಮವು ನಿಯಮವೇ ಎಂದು ಆ ದಿನ ತೀರ್ಪಾಯಿತು. ಮೂರೂ ಮುಕ್ಕಾಲು ಸುತ್ತುಗಳಲ್ಲಿ ಇಬ್ಬರ ತೋಳುಗಳ ಬೀಸು, ಹೆಜ್ಜೆಗಳ ಲಯ, ಉಸಿರಿನ ಗತಿ ಇವೆಲ್ಲ ಒಂದಾಗಿರಬೇಕೆಂಬುದು ಇದರಿಂದ ವಿಶದವಾಗುವುದು.

ಇನ್ನು ಲೆಕ್ಕಕ್ಕೆ ಬರೋಣ. ವಾಚಕರು ಕಾಗದ ಪೆನ್ಸಿಲುಗಳನ್ನು ಹತ್ತಿರ ಇಟ್ಟುಕೊಂಡರೆ ಮನೆಯ ಮಕ್ಕಳಿಗೂ ಇದೊಂದು ಒಳ್ಳೆಯ ಗಣಿತವಾದೀತು. ಹಾಂಗ್‌ಝೌನಲ್ಲಿ ರಕ್ಷಿತೆಯು ಗೆದ್ದ ಕಾಲವು 5 ನಿಮಿಷ 21.45 ಸೆಕೆಂಡು. ಇದನ್ನು ಮೂರೂ ಮುಕ್ಕಾಲರಿಂದ ಭಾಗಿಸಿದರೆ ಸುತ್ತಿಗೆ ಸುಮಾರು 85.7 ಸೆಕೆಂಡುಗಳಾದುವು. ಪ್ಯಾರಿಸ್ಸಿನಲ್ಲಿ ಆಕೆಯ ಕಾಲವು 5 ನಿಮಿಷ 29.92 ಸೆಕೆಂಡು, ಸುತ್ತಿಗೆ ಸುಮಾರು 88 ಸೆಕೆಂಡು. ಅದೇ ಪ್ಯಾರಿಸ್ಸಿನಲ್ಲಿ ಬಂಗಾರವನ್ನು ಗೆದ್ದ ಇಥಿಯೋಪಿಯದ ಯಾಯೇಶ್ ಗೇಟ್ ತೆಸ್ಫಾ ಎಂಬಾಕೆ 4 ನಿಮಿಷ 27.68 ಸೆಕೆಂಡುಗಳಲ್ಲಿ ಓಡಿ ಹೊಸ ವಿಶ್ವದಾಖಲೆಯನ್ನು ಬರೆದಳು. ಆಕೆಯದು ಸುತ್ತಿಗೆ 71.4 ಸೆಕೆಂಡು. ಅಂದರೆ ಪ್ರತಿಯೊಂದು ಸುತ್ತಿಗೂ ಹದಿನಾಲ್ಕು ಸೆಕೆಂಡುಗಳ ಅಂತರವು. ಬೇರೆ ರೀತಿಯಲ್ಲಿ ಹೇಳುವುದಾದರೆ, ರಕ್ಷಿತೆಯು ತನ್ನ ಹಾಂಗ್‌ಝೌ ವೇಗದಲ್ಲಿಯೇ ಓಡುತ್ತಿದ್ದರೆ, ಇಥಿಯೋಪಿಯದವಳು ಗೆರೆಯನ್ನು ಮುಟ್ಟುವ ಹೊತ್ತಿಗೆ ನಮ್ಮ ಹುಡುಗಿಗೆ ಇನ್ನೂ 250 ಮೀಟರುಗಳು ಉಳಿದಿರುತ್ತವೆ. ಇದು ಕಹಿಯಾದ ಲೆಕ್ಕವೇ ಹೌದು. ಆದರೆ ಕಹಿಯೆಂದು ಮುಚ್ಚಿಟ್ಟರೆ ಉಪಕಾರವಾಗದು.

ಇಥಿಯೋಪಿಯವು ಆಫ್ರಿಕ ಖಂಡದ ದೇಶವಾದುದರಿಂದ ಏಷ್ಯದ ಕೂಟಕ್ಕೆ ಬರುವಂತಿಲ್ಲವೆಂದು ಸಮಾಧಾನಪಡಬಹುದು. ಆದರೆ ಪ್ಯಾರಿಸ್ಸಿನಲ್ಲಿ ಬೆಳ್ಳಿಯನ್ನು ಪಡೆದವಳು ಚೀನದ ಹೆ ಶಾನ್‌ಶಾನ್. ಆಕೆಯ ಕಾಲವು 4 ನಿಮಿಷ 32 ಸೆಕೆಂಡುಗಳ ಮೇಲೆ ಸ್ವಲ್ಪ. ಸುತ್ತಿಗೆ ಸುಮಾರು 73 ಸೆಕೆಂಡು. ಚೀನವು ಏಷ್ಯದ ಒಳಗೇ ಇದೆಯಷ್ಟೆ. ಆಕೆ ಪ್ಯಾರಿಸ್ಸಿನ ಬಲದಿಂದಲೇ ನಗೋಯಾದಲ್ಲಿ ಓಡಿದರೆ ಬಂಗಾರವು ರಕ್ಷಿತೆಗೆ ದೊರೆಯುವುದು ದುಸ್ಸಾಧ್ಯವೆಂದೇ ಹೇಳಬೇಕು. ರಕ್ಷಿತೆಯು ತನ್ನ ಹಾಂಗ್‌ಝೌ ಕಾಲದಿಂದ 21 ಸೆಕೆಂಡುಗಳನ್ನು ಇಳಿಸಿ ಸರಿಯಾಗಿ 5 ನಿಮಿಷಗಳಲ್ಲಿ ಓಡಿದರೂ, ಚೀನದವಳ ಆ ಓಟಕ್ಕಿಂತ 27 ಸೆಕೆಂಡುಗಳಷ್ಟು ಹಿಂದೆಯೇ ಉಳಿಯುವಳು.

ಹಾಗಾದರೆ ಪದಕದ ಆಸೆಯನ್ನೇ ಬಿಡಬೇಕೇ? ಬೇಕಾಗಿಲ್ಲ. ಹಾಂಗ್‌ಝೌ ಓಟದ ಫಲವನ್ನು ಇನ್ನೊಮ್ಮೆ ನೋಡಿರಿ. ಅಲ್ಲಿ ಕಂಚನ್ನು ಪಡೆದವಳೂ ಭಾರತದವಳೇ ಆದ ಲಲಿತಾ ಕಿಲಾಕ. ಆಕೆಯ ಕಾಲವು 5 ನಿಮಿಷ 48.85 ಸೆಕೆಂಡು. ಬಂಗಾರಕ್ಕೂ ಕಂಚಿಗೂ ನಡುವೆ 27 ಸೆಕೆಂಡುಗಳಿಗಿಂತ ಹೆಚ್ಚಿನ ಅಂತರವಿದ್ದಿತು. ಏಷ್ಯದಲ್ಲಿ ಈ ವರ್ಗದ ಮಹಿಳೆಯರ ಓಟಕ್ಕೆ ನಿಲ್ಲುವವರ ಸಂಖ್ಯೆಯು ದೊಡ್ಡದಲ್ಲ. ಆದುದರಿಂದ ರಕ್ಷಿತೆಯು ತಂಡಕ್ಕೆ ಆಯ್ಕೆಯಾಗಿ, ಆರೋಗ್ಯದಿಂದಿದ್ದು, ತನ್ನ ಹಾಂಗ್‌ಝೌ ಓಟದ ಮಟ್ಟವನ್ನು ಉಳಿಸಿಕೊಂಡರೆ ಬೆಳ್ಳಿ ಅಥವಾ ಕಂಚನ್ನು ನಿರೀಕ್ಷಿಸುವುದು ಅತ್ಯಾಶೆಯೆನಿಸದು. ನಮ್ಮ ಲೆಕ್ಕದ ಸಾರವು ಇಷ್ಟು: ಬಂಗಾರಕ್ಕೆ ಬಾಗಿಲು ಕಿರಿದಾಗಿದೆ, ಪದಕಕ್ಕೆ ಬಾಗಿಲು ತೆರೆದಿದೆ. ಮಧ್ಯಮ ದೂರದ ಅಂತಿಮ ಓಟಗಳಲ್ಲಿ ಯಾರೂ ಮುಂದಾಗದೆ ಮೊದಲ ಸುತ್ತುಗಳು ನಿಧಾನವಾಗಿ ಸಾಗಿ, ಕೊನೆಯ 300 ಮೀಟರಿನಲ್ಲಿ ಎಲ್ಲವೂ ತೀರ್ಮಾನವಾಗುವುದುಂಟು. ಅಂತಹ ದಿನ ಬಲಾಬಲಗಳ ಲೆಕ್ಕವು ತಲೆಕೆಳಗಾದರೂ ಆದೀತು. ಆದರೆ ಅಂತಹ ಅದೃಷ್ಟವನ್ನು ನಂಬಿಕೊಂಡು ಮೊದಲೇ ಸಿಹಿ ಹಂಚುವುದು ಜಾಣತನವಲ್ಲ.

ಲೆಕ್ಕವನ್ನು ಹೀಗೆ ಬಿಚ್ಚಿ ಹೇಳಿದುದಕ್ಕೆ ಕಾರಣವುಂಟು. ನಮ್ಮಲ್ಲಿ ಆಟಗಾರರಿಗೆ ಎರಡು ಬಗೆಯ ಅನ್ಯಾಯಗಳಾಗುತ್ತವೆ. ಹೊರಡುವುದಕ್ಕೆ ಮುಂಚೆ ಬಂಗಾರವೇ ಬರುವುದೆಂದು ಅವರ ಹೆಗಲಿನ ಮೇಲೆ ಊರಿನ ಭಾರವನ್ನೆಲ್ಲ ಹೇರುವುದು ಮೊದಲನೆಯದು. ಬರಿಗೈಯಲ್ಲಿ ಮರಳಿದರೆ ಹೆಸರನ್ನೇ ಮರೆತುಬಿಡುವುದು ಎರಡನೆಯದು. ಪದಕವಿಲ್ಲದ ಓಟಕ್ಕೆ ಬೆಲೆಯಿಲ್ಲವೆಂಬ ಭಾವನೆಯೇ ಇವೆರಡಕ್ಕೂ ಮೂಲವು. ಅದು ಸುಳ್ಳೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆವು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಅಂತಿಮ ಓಟದಲ್ಲಿ ಭಾರತದ ಶ್ರೀರಾಮ್ ಸಿಂಗನು ಮೊದಲನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಓಡಿದನು. ಆ ಓಟವನ್ನು ಕ್ಯೂಬಾದ ಆಲ್ಬೆರ್ಟೊ ಹುವಾಂಟೊರೇನನು 1 ನಿಮಿಷ 43.50 ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದನು. ಶ್ರೀರಾಮ್ ಸಿಂಗನು ಏಳನೆಯವನಾದನು. ಪದಕದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆದರೆ ಅಂದು ಅವನು ಓಡಿದ 1 ನಿಮಿಷ 45.77 ಸೆಕೆಂಡುಗಳ ಕಾಲವು ಭಾರತದ ದಾಖಲೆಯಾಗಿ 42 ವರ್ಷಗಳ ಕಾಲ ನಿಂತಿತು. ಕೇರಳದ ಜಿನ್ಸನ್ ಜಾನ್ಸನ್ ಅದನ್ನು ದಾಟಿದುದು 2018ರಲ್ಲಿ. ಏಳನೆಯವನಾಗಿ ಬಂದವನು ಎರಡು ತಲೆಮಾರುಗಳ ಓಟಗಾರರಿಗೆ ಅಳತೆಗೋಲಾಗಿದ್ದನು.

ಪ್ಯಾರಿಸ್ಸಿನಲ್ಲಿ ರಕ್ಷಿತೆಯು ಓಡಿದ 5 ನಿಮಿಷ 29.92 ಸೆಕೆಂಡುಗಳನ್ನೂ ಹೀಗೆಯೇ ನೋಡಬೇಕು. ಅದು ಆಕೆಯ ಒಳ್ಳೆಯ ಕಾಲವಲ್ಲ. ಹಾಂಗ್‌ಝೌಗಿಂತ ಎಂಟೂವರೆ ಸೆಕೆಂಡು ನಿಧಾನವಾದುದೇ. ಆದರೆ ಆ ದಿನಕ್ಕೆ ಮುಂಚೆ ಆ ಪಥದಲ್ಲಿ ದೃಷ್ಟಿಯಿಲ್ಲದ ಭಾರತೀಯ ಹೆಣ್ಣುಮಗಳ ಹೆಜ್ಜೆಯೇ ಬಿದ್ದಿರಲಿಲ್ಲ. ಮುಂದೆ ಓಡುವವಳಿಗೆ ಅಳೆದುಕೊಳ್ಳುವುದಕ್ಕೆ ಈಗ ಒಂದು ಅಂಕಿಯಿದೆ. ಅಂಕಿಯಿಲ್ಲದ ಕಡೆಯಲ್ಲಿ ಗುರಿಯೂ ಇರುವುದಿಲ್ಲ.

ಈಗ ಸೆಕೆಂಡುಗಳನ್ನು ಇಳಿಸುವ ಬಗೆ ಹೇಗೆಂಬುದನ್ನು ನೋಡೋಣ. ಪದಕದ ಮಾತು ನಿಜವಾಗಿ ನಿಲ್ಲುವುದು ಇಲ್ಲಿಯೇ. ಮೊದಲನೆಯದು ಆಹಾರವು. ಉಸಿರಿನ ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತೊಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣದ ಅಂಶವು ಬೇಕು. ಹೆಣ್ಣುಮಕ್ಕಳಲ್ಲಿ ಈ ಅಂಶವು ತಿಂಗಳು ತಿಂಗಳೂ ನಷ್ಟವಾಗುವುದರಿಂದ ಓಡುವ ಹುಡುಗಿಯರಿಗೆ ರಕ್ತಹೀನತೆಯು ದೊಡ್ಡ ಶತ್ರುವು. ಎಷ್ಟು ಅಭ್ಯಾಸ ಮಾಡಿದರೂ ಮೂರನೆಯ ಸುತ್ತಿನಲ್ಲಿ ಕಾಲು ಏಳದೆ ಇರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣವಾಗಿರುತ್ತದೆ. ನಮ್ಮ ಸೀಮೆಯ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆಯ ಕಾಳು, ಶೇಂಗಾ ಇವು ಹಗುರವಾದ ಆಹಾರವೆಂದು ತಳ್ಳತಕ್ಕವಲ್ಲ. ಊಟದೊಡನೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಹತ್ತುವುದು. ಊಟದ ಜೊತೆಯಲ್ಲಿಯೇ ಚಹ ಕಾಫಿಗಳನ್ನು ಕುಡಿದರೆ ಹತ್ತುವುದು ಕಡಿಮೆಯಾಗುವುದು. ಓಡುವ ಮಗಳಿಗೆ ಸುಸ್ತು ಹೆಚ್ಚಾಗಿ ಕಂಡರೆ ಬೈಯುವುದಕ್ಕೆ ಬದಲು ರಕ್ತವನ್ನು ಪರೀಕ್ಷೆ ಮಾಡಿಸುವುದು ತಾಯಂದಿರ ಕರ್ತವ್ಯವು.

ಎರಡನೆಯದು ಮಾರ್ಗದರ್ಶಕನು. ಇದನ್ನು ನಮ್ಮ ಜನರು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ. ಪ್ಯಾರಿಸ್ಸಿನಲ್ಲಿ ರಕ್ಷಿತೆಯ ಹಗ್ಗದ ಇನ್ನೊಂದು ತುದಿಯನ್ನು ಹಿಡಿದವನು ರಾಹುಲ್ ಬಾಲಕೃಷ್ಣ. ಆತನೇ ಆಕೆಯ ತರಬೇತುದಾರನೂ ಆಗಿದ್ದನು. ಆತನು ಸ್ವತಃ 1500 ಮೀಟರ್ ಓಟಗಾರನಾಗಿದ್ದವನು. ಮಾರ್ಗದರ್ಶಕನು ಓಟಗಾರ್ತಿಗಿಂತ ಸಾಕಷ್ಟು ಹೆಚ್ಚು ವೇಗದವನಾಗಿರಬೇಕು. ಏಕೆಂದರೆ ಆಕೆ ಬಲವನ್ನೆಲ್ಲ ಸುರಿದು ಓಡುವಾಗ ಅವನು ಅದೇ ವೇಗದಲ್ಲಿ ಓಡುತ್ತ, ತಿರುವು ಬಂದಿತು, ಎದುರಾಳಿಯು ಎರಡು ಮಾರು ಮುಂದಿರುವಳು, ಈಗ ಹೊರಗಿನಿಂದ ದಾಟು ಎಂದು ಬಿಡಿಸಿ ಹೇಳುವಷ್ಟು ಉಸಿರನ್ನು ಉಳಿಸಿಕೊಂಡಿರಬೇಕು. ಓಟಗಾರ್ತಿಯು ಮುಂದುವರಿದಷ್ಟೂ ಅವನೂ ಮುಂದುವರಿಯಬೇಕು. ಅವನಿಗೆ ಜ್ವರ ಬಂದರೆ ಆಕೆಯ ಅಭ್ಯಾಸವೂ ನಿಂತಿತು. ಒಬ್ಬ ಹುಡುಗಿಯ ಪದಕಕ್ಕೆ ಇಬ್ಬರ ಆಯುಷ್ಯದ ವರ್ಷಗಳು ಬೇಕಾಗುತ್ತವೆ. 2024ರ ಪ್ಯಾರಿಸ್ಸಿನಲ್ಲಿ ಟಿ-12 ವರ್ಗದ 200 ಮೀಟರ್ ಓಟದಲ್ಲಿ ಕಂಚನ್ನು ಗೆದ್ದ ಸಿಮ್ರನ್ ಶರ್ಮಾಳ ಜೊತೆಯಲ್ಲಿ ಅಭಯ್ ಸಿಂಗನು ಓಡಿದನು. ಗೆದ್ದವಳ ಹೆಸರಿನ ಜೊತೆಗೆ ಹಗ್ಗ ಹಿಡಿದವನ ಹೆಸರನ್ನೂ ಹೇಳುವ ಪದ್ಧತಿಯು ನಮ್ಮ ಮನೆಗಳಲ್ಲಿ ಬರಬೇಕು.

ಇಲ್ಲಿ ನಮ್ಮ ಊರಿನ ತರುಣರಿಗೆ ಒಂದು ಮಾತು. ಶಾಲೆ ಕಾಲೇಜುಗಳಲ್ಲಿ 800, 1500 ಮೀಟರುಗಳನ್ನು ಚೆನ್ನಾಗಿ ಓಡಿ, ಜಿಲ್ಲೆಯ ಮಟ್ಟದಲ್ಲಿ ನಿಂತುಹೋಗಿ, ಇನ್ನು ತಮ್ಮಿಂದ ಆಗದೆಂದು ಬೂಟುಗಳನ್ನು ಅಟ್ಟದ ಮೇಲಿಟ್ಟವರು ಪ್ರತಿಯೊಂದು ಬೀದಿಯಲ್ಲಿಯೂ ಸಿಕ್ಕುತ್ತಾರೆ. ರಾಷ್ಟ್ರದ ತಂಡಕ್ಕೆ ಸಾಲದ ವೇಗವು ದೃಷ್ಟಿಯಿಲ್ಲದ ಒಬ್ಬ ಓಟಗಾರ್ತಿಗೆ ಧಾರಾಳವಾಗಿ ಸಾಕಾಗುತ್ತದೆ. 5 ನಿಮಿಷಗಳಲ್ಲಿ ಓಡುವವಳ ಜೊತೆಗೆ ಮಾತನಾಡುತ್ತ ಓಡಬಲ್ಲವರು ನಮ್ಮ ಜಿಲ್ಲೆಯಲ್ಲಿ ಇಲ್ಲದೆ ಇಲ್ಲ. ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ದೊಡ್ಡ ತರಬೇತಿ ಕೇಂದ್ರವಿದೆ. ಭರ್ಜಿಯ ಎಸೆತದಲ್ಲಿ ಒಲಿಂಪಿಕ್ ಬಂಗಾರವನ್ನು ಗೆದ್ದ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದ್ದುಂಟು. ಅಂತಹ ಕೇಂದ್ರಗಳು ಆರಿಸಿದ ಕೆಲವರಿಗೆ. ಆದರೆ ಕಿರುಹಗ್ಗದ ಓಟವನ್ನು ಆರಂಭಿಸುವುದಕ್ಕೆ ಬೇಕಾಗಿರುವುದು ಒಂದು ಸಮನಾದ ಬಯಲು, ಬೆಳಗಿನ ತಂಪು ಹೊತ್ತು, ಒಂದು ತುಂಡು ಹಗ್ಗ, ತಪ್ಪದೆ ಬರುವ ಒಬ್ಬ ಜೊತೆಗಾರ. ಈ ನಾಲ್ಕರಲ್ಲಿ ದುರ್ಲಭವಾದುದು ಕೊನೆಯದೊಂದೇ.

ತಾಯಂದಿರಿಗೂ ಒಂದು ಮಾತು ಹೇಳದೆ ಮುಂದುವರಿಯಲಾರೆವು. ಕಣ್ಣಿಲ್ಲದ ಗಂಡುಮಗನನ್ನು ಹೇಗಾದರೂ ಶಾಲೆಗೆ ಕಳುಹಿಸುವ ಮನೆಗಳಲ್ಲಿಯೂ ಕಣ್ಣಿಲ್ಲದ ಹೆಣ್ಣುಮಗಳನ್ನು ಬಿದ್ದಾಳು, ಯಾರಾದರೂ ಏನಾದರೂ ಅಂದಾರು ಎಂಬ ಅಂಜಿಕೆಯಿಂದ ಮೂಲೆಯಲ್ಲಿ ಕೂರಿಸುವುದನ್ನು ಕಾಣುತ್ತೇವೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕುಳಿತಲ್ಲಿಯೇ ಕುಳಿತ ದೇಹಕ್ಕೆ ಹಸಿವೆಯಾಗದು, ನಿದ್ರೆ ಬಾರದು, ಧೈರ್ಯವೂ ಹುಟ್ಟದು. ಮೊದಲು ಅಂಗಳದಲ್ಲಿ ಕೈಹಿಡಿದು ನಡೆಸಿರಿ. ಬಳಿಕ ಕೈಗೆ ಬದಲಾಗಿ ಒಂದು ಕರವಸ್ತ್ರದ ಎರಡು ತುದಿಗಳನ್ನು ಹಿಡಿದು ನಡೆಯಿರಿ. ಕಾಲಿಗೆ ನೆಲದ ನಂಬಿಕೆಯು ಬಂದ ಮೇಲೆ ಮೆಲ್ಲಮೆಲ್ಲನೆ ಓಡಿರಿ. ಎದುರಿಗೆ ಏನಿದೆ ಎಂಬುದನ್ನು ಬಾಯಿಂದ ಹೇಳುತ್ತಿರಿ. ತೋಳನ್ನು ಹಿಡಿದು ಜಗ್ಗಬೇಡಿರಿ. ಮಗಳು ಪದಕವನ್ನು ತರಲಿ, ತರದಿರಲಿ; ಬೀದಿಯ ಕೊನೆಯ ವರೆಗೆ ತಾನಾಗಿ ನಡೆದುಹೋಗುವಷ್ಟು ಧೈರ್ಯವು ಬಂದರೆ ಅದು ಸಣ್ಣ ಲಾಭವಲ್ಲ.

ನಗೋಯಾದ ಓಟವನ್ನು ನೋಡಲಿರುವ ವಾಚಕರಿಗೆ ಉಪಯೋಗವಾಗಲೆಂದು ಇನ್ನೊಂದು ಚಿಕ್ಕ ಲೆಕ್ಕವನ್ನು ಕೊಡುವೆವು. 1500 ಮೀಟರ್ ಓಟವು ಮುಕ್ತಾಯದ ಗೆರೆಯಿಂದ 300 ಮೀಟರ್ ಹಿಂದೆ ಆರಂಭವಾಗುತ್ತದೆ. ಆದುದರಿಂದ ಓಟಗಾರ್ತಿಯರು ಆ ಗೆರೆಯನ್ನು 300, 700, 1100 ಮೀಟರುಗಳಲ್ಲಿ ದಾಟಿ, ನಾಲ್ಕನೆಯ ಸಲ ದಾಟಿದಾಗ ಓಟವು ಮುಗಿಯುತ್ತದೆ. ಒಂದೇ ಸಮನಾದ ವೇಗದಲ್ಲಿ 5 ನಿಮಿಷ 21 ಸೆಕೆಂಡುಗಳಿಗೆ ಮುಗಿಸಬೇಕಾದರೆ ಮೊದಲ ಸಲ 1 ನಿಮಿಷ 4 ಸೆಕೆಂಡಿಗೆ, ಎರಡನೆಯ ಸಲ 2 ನಿಮಿಷ 30 ಸೆಕೆಂಡಿಗೆ, ಮೂರನೆಯ ಸಲ 3 ನಿಮಿಷ 56 ಸೆಕೆಂಡಿಗೆ ಗೆರೆಯನ್ನು ದಾಟಬೇಕು. 5 ನಿಮಿಷಗಳಿಗೆ ಮುಗಿಸಬೇಕಾದರೆ ಕ್ರಮವಾಗಿ 1 ನಿಮಿಷ, 2 ನಿಮಿಷ 20 ಸೆಕೆಂಡು, 3 ನಿಮಿಷ 40 ಸೆಕೆಂಡು. ಮನೆಯ ಗೋಡೆಯ ಗಡಿಯಾರವೇ ಇದಕ್ಕೆ ಸಾಕು. ಮುಂದಿರುವವಳು ಎಷ್ಟು ದೂರ ಹೋದಳೆಂದು ನೋಡಿ ಎದೆಗುಂದುವುದಕ್ಕಿಂತ, ನಮ್ಮವಳು ಮೂರನೆಯ ಸಲ ಯಾವ ಕಾಲಕ್ಕೆ ದಾಟಿದಳೆಂದು ನೋಡಿರಿ. ಅಲ್ಲಿಯ ವರೆಗೆ ಲಯವು ಕೆಡದಿದ್ದರೆ ಕೊನೆಯ ಸುತ್ತಿನಲ್ಲಿ ಪದಕದ ಹೋರಾಟವುಂಟೆಂದು ತಿಳಿಯಬಹುದು. ಎಷ್ಟನೆಯವಳಾಗಿ ಬಂದರೂ 5 ನಿಮಿಷ 21 ಸೆಕೆಂಡುಗಳಿಗಿಂತ ಮೊದಲು ಗೆರೆಯನ್ನು ಮುಟ್ಟಿದರೆ ಆಕೆ ಹಾಂಗ್‌ಝೌನ ತನ್ನನ್ನು ತಾನೇ ಗೆದ್ದಂತಾಯಿತು.

ಪದಕವು ಬರುವುದೇ ಎಂದು ಕೇಳಿದವರಿಗೆ ನಮ್ಮ ಉತ್ತರವು ಇದು: ಬರಬಹುದು, ಬಂಗಾರವೇ ಎಂದು ಮಾತ್ರ ಹಟ ಹಿಡಿಯಬೇಡಿರಿ. ಮಾರ್ಗದರ್ಶಕನಿಗೆ ಇರುವ ನಿಯಮವು ನಮ್ಮ ಆಸೆಗೂ ಇರಲಿ. ಅದು ಆಕೆಯನ್ನು ಎಳೆಯದಿರಲಿ, ತಳ್ಳದಿರಲಿ, ಜೊತೆಯಲ್ಲಿ ಓಡಲಿ, ಕೊನೆಯ ತನಕ ಕೈಬಿಡದಿರಲಿ. ಕುಮಾರಿ ರಕ್ಷಿತೆಗೂ, ಆಕೆಯ ಜೊತೆಯಲ್ಲಿ ಓಡುವವರಿಗೂ, ಆಕೆಯ ಹಿಂದೆ ನಮ್ಮ ಊರುಗಳ ಅಂಗಳಗಳಿಂದ ಹೊರಡಲಿರುವ ಹುಡುಗಿಯರಿಗೂ ಶುಭವಾಗಲೆಂದು ವಾಚಕರೊಡಗೂಡಿ ಹಾರೈಸುತ್ತೇವೆ.